ಏಳನೆಯ ಬಾವುಟದ ಬಳಿ ನಿಲ್ಲುವವರು

ಕಣಿವೆಕೆರೆ, ಹುಲ್ಲುಕೊಯ್ಲಿನ ತಿಂಗಳು, ನಲವತ್ತೊಂದನೆಯವರ ಕಾಲದ ಕೊನೆಯ ದಿನ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ ಇರಬಹುದು.

ಕಣಿವೆಕೆರೆ ಗಾಲ್ಫ್ ಕ್ಲಬ್ಬಿನ ಕ್ಯಾಪ್ಟನ್ ಶ್ರೀ ನಂಜರಾಜ ಅರಸ್ ಅವರಿಗೆ ಪುಟ್ಟಮಾದಿ ಮಾಡುವ ನಮಸ್ಕಾರಗಳು.

ನೀವು ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ ಹುಟ್ಟಿದವಳು ನಾನು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕ್ಲಬ್ ಹೌಸಿನ ಗೋಡೆಗಳಿಂದ. ಅಲ್ಲಿರುವುದೆಲ್ಲ ಹುಲ್ಲಿನ ಮೇಲೆ ಉಗುಳಬೇಡಿ, ಸದಸ್ಯರಲ್ಲದವರು ಒಳಗೆ ಬರಬೇಡಿ ಎಂಬಂಥ ಬರಹಗಳೇ. ಹಾಗಾಗಿ ಈ ಕಾಗದ ಅಲ್ಲಲ್ಲಿ ಗದರಿಸಿದ ಹಾಗಿದ್ದರೆ ತಪ್ಪು ನಿಮ್ಮ ಕಮಿಟಿಯದು. ಕುಳಿಗೆ ಬಿದ್ದದ್ದು ಹಿಂದಿನವರಿಗೆ ಸೇರುತ್ತದೆ ಎಂದು ನಮ್ಮಲ್ಲೊಂದು ನಂಬಿಕೆಯಿದೆ. ಇದನ್ನು ಸುರುಳಿ ಸುತ್ತಿ ಏಳನೆಯ ಕುಳಿಯೊಳಗೆ ಇಡುತ್ತೇನೆ. ನೀವು ಚೆಂಡು ತೆಗೆಯಲು ಬಗ್ಗಿದಾಗ ಕೈಗೆ ಸಿಗಲಿ.

ನಾವು ಇರುವುದು ನಿಮ್ಮ ಮೈದಾನದಲ್ಲೇ. ಊರುಗಳು ಖಾಲಿಯಾದ ಕಾಲದಲ್ಲಿ ನಮ್ಮ ಹಿರಿಯರು ಇಲ್ಲಿಗೆ ಬಂದು ಸೇರಿಕೊಂಡರಂತೆ. ಸುತ್ತ ಬೇಲಿ ಇತ್ತು, ನಡುವೆ ಕೆರೆ ಇತ್ತು. ನೀವು ಚೆಂಡು ಹಾರಿಸುತ್ತಿದ್ದ ಉದ್ದನೆಯ ಹುಲ್ಲುಗಾವಲುಗಳಲ್ಲಿ ರಾಗಿ, ಅವರೆ ಬೆಳೆಯುತ್ತೇವೆ. ಮರಳಿನ ಗುಂಡಿಗಳಲ್ಲಿ ಮೇಕೆಗಳನ್ನು ಕೂಡಿಹಾಕುತ್ತೇವೆ. ಬೇಲಿಯನ್ನು ನಾವು ಮೂಗತಂತಿ ಎನ್ನುತ್ತೇವೆ. ಒಂದು ಕಾಲದಲ್ಲಿ ಅದು ಗುಂಯ್‌ಗುಡುತ್ತಿತ್ತಂತೆ, ಮುಟ್ಟಿದರೆ ಆನೆಯೂ ಹಿಂದೆ ಸರಿಯುತ್ತಿತ್ತಂತೆ. ಈಗ ಅದರ ಮೇಲೆ ಬಟ್ಟೆ ಒಣಗಿಸುತ್ತೇವೆ. ಆಚೆ ಎಲ್ಲ ಕಾಡು. ಈಚೆಗೂ ಅದು ಬೇಕೆಂದಾಗ ಬರುತ್ತದೆ. ಹಂದಿಗಳು ಹೊಲ ಉಳುತ್ತವೆ, ಕಾಡುಪಾಪಗಳು ಸೂರಿನಲ್ಲಿ ಕೂತು ನಮ್ಮ ಊಟ ನೋಡುತ್ತವೆ, ಆನೆಗಳು ತಮ್ಮ ಪಾಡಿಗೆ ತಾವು ದಾಟಿ ಹೋಗುತ್ತವೆ.

ನಿಮಗೆ ಇದು ತಮಾಷೆಯಾಗಿ ಕಾಣಬಹುದು. ಗೋಡೆಯ ಮೇಲಿನ ಚಿತ್ರಗಳಲ್ಲಿ ನೀವೆಲ್ಲ ನಗುತ್ತಲೇ ಇದ್ದೀರಿ. ಒಂದರಲ್ಲಿ ಕೋತಿಯೊಂದು ಚೆಂಡು ಕದ್ದು ಮರ ಹತ್ತಿದೆ, ಕೆಳಗೆ ನೀವು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೀರಿ. ಇನ್ನೊಂದರಲ್ಲಿ ಜಿಂಕೆಗಳು ದಾರಿಗೆ ಅಡ್ಡ ಮಲಗಿವೆ, ನಿಮ್ಮ ಸ್ನೇಹಿತರು ಅವುಗಳ ಮುಂದೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದಾರೆ. ಇಂಥ ಕಾಟ ಹೆಚ್ಚಾಗಿಯೇ ನೀವು ಕಲ್ಲಿನ ಮೇಲೆ ಕೆತ್ತಿಸಿದಿರಿ: ಪ್ರಾಣಿ ಚೆಂಡು ಒಯ್ದರೆ ದಂಡವಿಲ್ಲ, ಅದೇ ಜಾಗದಲ್ಲಿ ಇನ್ನೊಂದನ್ನು ಇಟ್ಟು ಆಟ ಮುಂದುವರಿಸಿ. ನಿಯಮ ಒಳ್ಳೆಯದೇ. ಕೋತಿಯ ತಪ್ಪಿಗೆ ಮನುಷ್ಯ ಯಾಕೆ ಸೋಲಬೇಕು?

ಅದು ಚೆಂಡಿಗೆ ಬರೆದದ್ದು ಎಂದು ನಮಗೂ ಗೊತ್ತು, ನಾವು ದಡ್ಡರಲ್ಲ. ಆದರೆ ಹದಿನೆಂಟು ಕುಳಿಗಳ ಬಳಿಯೂ ಹಗಲೆಲ್ಲ ಒಬ್ಬೊಬ್ಬರು ನಿಲ್ಲುತ್ತಾರೆ. ಅವರನ್ನು ಬಾವುಟದವರು ಎನ್ನುತ್ತೇವೆ. ಪ್ರಾಣಿ ಕಂಡರೆ ಬಾವುಟ ಎತ್ತುವುದು ಅವರ ಕೆಲಸ. ಅದನ್ನು ನೋಡಿ ಹೊಲದಲ್ಲಿರುವವರು ಓಡಿ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಏಳನೆಯ ಬಾವುಟ ಕೆರೆಯ ತಿರುವಿನಲ್ಲಿದೆ. ಹುಲಿ ನೀರಿಗೆ ಬರುವ ದಾರಿಯೂ ಅದೇ. ಅಲ್ಲಿ ನಿಂತವರು ಒಂದಲ್ಲ ಒಂದು ದಿನ ಹೋಗುತ್ತಾರೆ. ಅವರು ಸತ್ತರು ಎಂದು ನಾವು ಹೇಳುವುದಿಲ್ಲ, ದಂಡವಿಲ್ಲದೆ ಹೋದರು ಎನ್ನುತ್ತೇವೆ. ಮರುದಿನ ಅದೇ ಜಾಗದಲ್ಲಿ ಇನ್ನೊಬ್ಬರು ನಿಲ್ಲುತ್ತಾರೆ, ಅಂದಿನಿಂದ ಹೊಸ ಕಾಲ ಶುರುವಾಗುತ್ತದೆ. ನಮ್ಮ ಕಾಲಗಣನೆಯೇ ಅದು. ಕೆಲವು ಕಾಲ ಹತ್ತು ವರ್ಷ ನಡೆಯುತ್ತದೆ, ಕೆಲವು ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ನಲವತ್ತೊಂದನೆಯವರು ಇವತ್ತು ಬೆಳಕು ಹರಿಯುವಾಗಲೇ ಹೋದರು, ನಾಳೆ ನಲವತ್ತೆರಡನೆಯವರ ಕಾಲ. ಸರದಿ ನಮ್ಮ ಮನೆಯದು. ನಿಲ್ಲುವವಳು ನನ್ನ ಮಗಳು ನೀಲಾಜಿ.

ನಾನು ಸುಮ್ಮನೆ ಕೂರಲಿಲ್ಲ. ತಿರುವಿನ ಮೇಲೆ ಒಂದು ಬಂಡೆಯಿದೆ. ಅಲ್ಲಿ ನಿಂತರೆ ಕೆರೆಯೂ ಕಾಣುತ್ತದೆ, ಬಾವುಟವೂ ಎಲ್ಲರಿಗೂ ಕಾಣುತ್ತದೆ, ಹುಲಿಗೆ ಹತ್ತಲು ದಾರಿಯಿಲ್ಲ. ಬಾವುಟವನ್ನು ಅಲ್ಲಿಗೆ ಒಯ್ಯೋಣ ಎಂದು ನಮ್ಮ ಕಮಿಟಿಯ ಮುಂದೆ ಹೋಗಿ ಕೇಳಿದೆ. ಒಪ್ಪಲಿಲ್ಲ, ಹಿಂದೆಯೂ ಕೆಲವರು ಕೇಳಿದ್ದರಂತೆ. ನಮ್ಮ ಈಗಿನ ಕ್ಯಾಪ್ಟನ್ ಸಿದ್ದಲಿಂಗು ಕೆಟ್ಟವನಲ್ಲ, ಬಾಣಂತಿಯರ ಮನೆಗೆ ಸೌದೆಯನ್ನು ತಾನೇ ಹೊತ್ತು ತಂದು ಹಾಕುವವನು. ಮೂವತ್ತೊಂಬತ್ತನೆಯವಳು ಅವನ ತಂಗಿ. ಎಲ್ಲರೂ ಎದ್ದು ಹೋದ ಮೇಲೆ ಅವನು ನನ್ನ ಹತ್ತಿರ ಬಂದು ಕೂತ.

"ಜಾಗ ಬದಲಾಯ್ಸುದ್ರೆ ನನ್ನ ತಂಗಿ ಸುಮ್ಕೆ ಹೋದಂಗಾಯ್ತದೆ ಕಣಕ್ಕ," ಎಂದ.

ಅವನ ಮುಖ ನೋಡಿ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನಿಮ್ಮ ಮೇಲೆ.

ಯಾಕೆಂದು ಹೇಳುತ್ತೇನೆ, ಇದಕ್ಕಾಗಿಯೇ ಈ ಕಾಗದ ಬರೆದದ್ದು. ನಮ್ಮ ಹಿರಿಯರು ಹೇಳಿಕೊಂಡು ಬಂದಂತೆ, ಬರುವ ತಿಂಗಳು ನಿಮ್ಮ ಕ್ಲಬ್ಬಿನಲ್ಲಿ ಬಹುಮಾನದ ಕಪ್ಪಿನ ಆಟ ನಡೆಯುತ್ತದೆ. ಏಳನೆಯದರಲ್ಲಿ ಚೆಂಡು ಎಲ್ಲಿ ಬೀಳುತ್ತದೆಂದು ನೋಡಲು ತಿರುವಿನ ಆಚೆ ನಿಮ್ಮ ಕೋಲುಗಳ ಚೀಲ ಹೊರುವ ಜಡೆಯಪ್ಪ ಎಂಬ ಕ್ಯಾಡಿಯನ್ನು ನಿಲ್ಲಿಸುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಅವನು ಅಲ್ಲಿ ಇರುವುದಿಲ್ಲ. ಹುಲ್ಲಿನ ಮೇಲೆ ಅವನ ಟವೆಲ್ಲು ಮಾತ್ರ ಬಿದ್ದಿರುತ್ತದೆ. ಹಂದಿ ಕಂಡು ಹೆದರಿ ಓಡಿದ್ದಾನೆ ಎಂದು ನೀವೆಲ್ಲ ಅಂದುಕೊಳ್ಳುತ್ತೀರಿ. ಹಿಂದೆ ಆಡುತ್ತ ಬರುವ ಜೋಡಿ ಕಾಯುತ್ತಿರುತ್ತದೆ, ಬಿಸಿಲು ಏರಿರುತ್ತದೆ. ಈಗೇನು ಮಾಡುವುದು ಎಂದು ಯಾರೋ ಕೇಳುತ್ತಾರೆ. ಆಗ ನೀವು ಒಂದು ಮಾತು ಆಡುತ್ತೀರಿ: "ಪ್ರಾಣಿ ಒಯ್ದರೆ ದಂಡ ಇಲ್ಲ ಕಣ್ರೀ. ಅದೇ ಜಾಗದಲ್ಲಿ ಇನ್ನೊಬ್ಬನ್ನ ನಿಲ್ಲಿಸಿ, ಆಟ ಮುಂದುವರಿಸಿ."

ಎಲ್ಲರೂ ನಗುತ್ತಾರೆ. ಇನ್ನೊಬ್ಬ ಹೋಗಿ ನಿಲ್ಲುತ್ತಾನೆ. ಆಟ ಮುಗಿಯುತ್ತದೆ, ಕಪ್ಪು ಯಾರದೋ ಪಾಲಾಗುತ್ತದೆ. ಹುಲಿ ಒಯ್ದ ಜಡೆಯಪ್ಪನ ಗುರುತು ಸಿಗುವುದು ಸಂಜೆ.

ನೀವು ಕ್ರೂರಿ ಎಂದು ನಾನು ಹೇಳುತ್ತಿಲ್ಲ. ಆಮೇಲೆ ನೀವು ಬಹಳ ನೊಂದಿರಿ ಎಂದೂ ಕೇಳಿದ್ದೇನೆ. ಆದರೆ ಆಡಿದ ಮಾತು ಉಳಿದುಕೊಂಡಿತು. ಕಷ್ಟ ಬಂದ ಕಾಲದಲ್ಲಿ ನಮ್ಮವರು ಹುಡುಕಿದ್ದು ಅಂಥದೇ ಮಾತನ್ನು: ಯಾರದೂ ತಪ್ಪಿಲ್ಲ, ಯಾರೂ ಉತ್ತರ ಹೇಳಬೇಕಾಗಿಲ್ಲ, ಆಟ ನಿಲ್ಲಿಸಬೇಕಾಗಿಯೂ ಇಲ್ಲ. ಮೊದಲು ಮೇಕೆ ಹೋದಾಗ ಅದನ್ನು ಹೇಳಿಕೊಂಡರು, ಆಮೇಲೆ ಮನುಷ್ಯರು ಹೋದಾಗಲೂ ಹೇಳಿಕೊಂಡರು. ಈಗ ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲೇ ಅದನ್ನು ಬಾಯಿಪಾಠ ಮಾಡುತ್ತವೆ. ಕ್ಯಾಪ್ಟನ್ ಮಾತು ಎಂದೇ ಅದರ ಹೆಸರು. ನಿಮ್ಮ ಧ್ವನಿ ಹೇಗಿತ್ತೋ ಯಾರಿಗೂ ಗೊತ್ತಿಲ್ಲ, ಹಾಗಿದ್ದರೂ ಎಲ್ಲರೂ ಒಂದೇ ರಾಗದಲ್ಲಿ ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ನಗಬೇಕು. ನಗುವುದೂ ಪಾಠದಲ್ಲೇ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ಟವೆಲ್ಲು ಕಂಡ ಕೂಡಲೇ ಆಟ ನಿಲ್ಲಿಸಿ. ಆ ಮಾತು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಎಲ್ಲರನ್ನೂ ಕರೆದುಕೊಂಡು ಜಡೆಯಪ್ಪನನ್ನು ಹುಡುಕಲು ಹೋಗಿ, ಅವನ ಹೆಂಡತಿಗೆ ನೀವೇ ಹೋಗಿ ತಿಳಿಸಿ. ಕಪ್ಪಿನ ಆಟ ಅರ್ಧಕ್ಕೆ ನಿಂತಿತೆಂದು ಜನ ಆಡಿಕೊಳ್ಳಬಹುದು, ಆಡಿಕೊಳ್ಳಲಿ. ಒಬ್ಬ ಮನುಷ್ಯ ಹೋದ ಜಾಗ ಆ ಒಂದು ದಿನವಾದರೂ ಖಾಲಿ ಬಿದ್ದಿರುವುದನ್ನು ನಿಮ್ಮ ಜೊತೆಯವರು ಕಣ್ಣಾರೆ ನೋಡಬೇಕು. ಅದನ್ನು ನೋಡಿದವರ ಮಕ್ಕಳಾಗಿದ್ದರೆ ನಾವು ಹೀಗಿರುತ್ತಿರಲಿಲ್ಲ.

ನೀವು ನನ್ನ ಮಾತು ಕೇಳಿದರೆ ಇಲ್ಲಿ ಏನೇನು ಬದಲಾಗುತ್ತದೋ ನನಗೆ ತಿಳಿಯದು. ನಾನು ಹುಟ್ಟದೇ ಇರಬಹುದು, ನೀಲಾಜಿಯೂ ಹುಟ್ಟದೇ ಇರಬಹುದು. ಆದರೂ ಬರೆಯುತ್ತಿದ್ದೇನೆ.

ಬೆಳಿಗ್ಗೆಯಿಂದ ನೀಲಾಜಿಯದು ಏನೂ ಆಗಿಲ್ಲದವಳ ಹಾಗೆ ಓಡಾಟ. ಹಳೆಯ ಬಾವುಟದ ಬಟ್ಟೆ ಒಗೆದಳು, ಕೋಲಿಗೆ ಎಣ್ಣೆ ಸವರಿದಳು. ನಾನು ಅಳುವುದನ್ನು ಕಂಡು ಪಕ್ಕಕ್ಕೆ ಬಂದು ಕೂತು ನನ್ನ ಕಣ್ಣು ಒರೆಸಿದಳು.

"ಅಳಬ್ಯಾಡ ಕಣವ್ವ. ನನ್ನ ಜಾಗ ಖಾಲಿ ಇರಕ್ಕಿಲ್ಲ, ಇನ್ನೊಬ್ರು ಬತ್ತಾರೆ," ಎಂದಳು.

ನನಗೆ ಸಮಾಧಾನ ಹೇಳಲು ನನ್ನ ಮಗಳಿಗೆ ಸಿಕ್ಕಿದ್ದು ಇದೊಂದೇ ಮಾತು, ಕ್ಯಾಪ್ಟನ್ ಸಾಹೇಬರೇ.

ಹೊರಗೆ ಜನ ಸೇರಿದ್ದಾರೆ. ಸಿದ್ದಲಿಂಗು ನಿಮ್ಮ ಮಾತನ್ನು ಹೇಳಿ ಮುಗಿಸಿದ. ಯಾರೂ ನನ್ನನ್ನು ಅವಸರ ಮಾಡುತ್ತಿಲ್ಲ, ಕಾಯುತ್ತಿದ್ದಾರೆ ಅಷ್ಟೇ. ಮೊದಲು ನಗಬೇಕಾದವಳು ತಾಯಿ.