ಟಾರ್ಪಾಲಿನ ಕೆಳಗೆ

ಏಪ್ರಿಲ್ 11, ಸಂಜೆ 6

ಬೆಳಗ್ಗೆಯಿಂದ ಮನೆಯ ಮುಂಭಾಗದ ಅಂಗಡಿಯಲ್ಲಿ. ಜೆರಾಕ್ಸ್ — ಪಹಣಿ, ಆಧಾರ್, ಮತ್ತೆ ಪಹಣಿ. ಮೂರೂವರೆಗೆ ಆಲ್ದೂರಿನ ಮೇಲೆ ಆಕಾಶದಿಂದ ಕಲ್ಲು ತೂರಾಟ. ಆಲಿಕಲ್ಲು, ನಿಂಬೆಹಣ್ಣಿನ ಗಾತ್ರ, ಇಪ್ಪತ್ತು ನಿಮಿಷ. ದೇವರಿಗೆ ನನ್ನ ಮೇಲೆ ವೈಯಕ್ತಿಕ ದ್ವೇಷವೇನೂ ಇದ್ದಂತಿಲ್ಲ. ಎದುರು ಮನೆಯ ಬಾಲರಾಜನ ಆಟೊ ಗಾಜೂ ಹೋಗಿದೆ. ಸ್ವಲ್ಪ ಸಮಾಧಾನ.

ಹಾನಿಯ ಅಧಿಕೃತ ವರದಿ: ಸಿಮೆಂಟ್ ಶೀಟು ಐದು ಸೀಳಿವೆ. ಅಡುಗೆಮನೆಗೆ ಬೆಳಕು ಬರಲೆಂದು ಎರಡು ವರ್ಷದ ಹಿಂದೆ ಹಾಕಿಸಿದ ಹಸಿರು ಫೈಬರ್ ಶೀಟು ಹಪ್ಪಳದಂತೆ ಬಿರುಕು ಬಿಟ್ಟಿದೆ. ಅಮ್ಮ ಒಂದು ಬೋಗುಣಿ ತುಂಬ ಆಲಿಕಲ್ಲು ಆರಿಸಿ ತಂದು, “ಫ್ರಿಜ್ಜು ಬೇಡ ಅಂತ ಅವತ್ತೇ ಅಂದಿದ್ದೆ” ಎಂದರು.

ಏಪ್ರಿಲ್ 12

ಛಾವಣಿ ಸಂರಕ್ಷಣಾ ಕಾರ್ಯಾಚರಣೆ. ಸೇನಾಪತಿ ನಾನು, ಸೈನ್ಯವೂ ನಾನೇ. ಕಾಫಿ ಒಣಗಿಸುವ ನೀಲಿ ಟಾರ್ಪಾಲನ್ನು ಏಣಿಯ ತುದಿಯಿಂದಲೇ ಬೀಸಿ, ಅಡುಗೆಮನೆ ಕಡೆ ಪೂರ್ತಿ ಹೊದಿಸಿದೆ. ಮೇಲೆ ಭಾರಕ್ಕೆ ಸ್ಕೂಟರಿನ ಹಳೇ ಟೈರು. ಕೆಳಗೆ ಏಣಿ ಹಿಡಿದು ನಿಂತ ಹೆಂಡತಿ ನಾಗಶ್ರೀ: “ಶೀಟಿನ ಮೇಲೆ ಮಾತ್ರ ಕಾಲಿಡಬೇಡಿ. ನಿಮ್ಮ ತೂಕಕ್ಕೆ ಆಲಿಕಲ್ಲೇ ವಾಸಿ.”

ಈಗ ಅಡುಗೆಮನೆಯಲ್ಲಿ ಹಗಲಲ್ಲೂ ಬಲ್ಬು. ಹಸಿರು ಶೀಟು ಇದ್ದದ್ದೇ ಮರೆತುಹೋಗುವಷ್ಟು ಕತ್ತಲೆ.

ಏಪ್ರಿಲ್ 18, ರಾತ್ರಿ

ಕೊನೆಗೂ ನಿಂಗಯ್ಯ ಬಂದ. ಸುತ್ತಲಿನ ಛಾವಣಿಗಳಿಗೆಲ್ಲ ಅವನೊಬ್ಬನೇ ಸರ್ಜನ್ನು. ಆಲಿಕಲ್ಲಿನ ನಂತರ ಅವನ ಅಪಾಯಿಂಟ್‌ಮೆಂಟ್ ಸಿಗುವುದೇ ಪುಣ್ಯ. ಮೂವತ್ತು ವರ್ಷದಿಂದ ಇದೇ ಕೆಲಸ. ಶೀಟಿನ ನಡುವೆ ಕಾಲಿಡುವುದಿಲ್ಲ. ಕೆಳಗೆ ಕಬ್ಬಿಣದ ಪೈಪು ಇರುವ ಕಡೆ, ಬೋಲ್ಟಿನ ಸಾಲಿನ ಮೇಲಷ್ಟೇ ನಡೆಯುತ್ತಾನೆ — ಬೆಕ್ಕಿನ ಹಾಗೆ.

ಇವತ್ತು ಅಂಗಡಿ ಕಡೆ ಮುಗಿಸಿದ. ತುಕ್ಕು ಹಿಡಿದ ಬೋಲ್ಟು ಸಡಿಲಿಸಲು ಒಂದು ಕ್ವಾರ್ಟರ್ ಬಾಟಲಿಯಲ್ಲಿ ಡೀಸೆಲ್ ಇಟ್ಟುಕೊಂಡಿದ್ದಾನೆ, ಹನಿ ಹನಿ ಬಿಡುತ್ತಾನೆ. ಏಣಿಯ ಮೇಲೆ ಬಾಟಲಿ ಎತ್ತಿ ಹಿಡಿದಿದ್ದಾಗ ಫೋಟೊ ತೆಗೆದೆ. ‘ಆಲ್ದೂರು ಬಳಗ’ ವಾಟ್ಸಾಪ್ ಗ್ರೂಪಿಗೆ ಹಾಕಿದೆ — “ಇಂಧನ ತುಂಬಿಸಿಕೊಳ್ಳದೆ ನಮ್ಮ ಪೈಲಟ್ ಮೇಲೇರುವುದಿಲ್ಲ.” ಗಂಟೆಯೊಳಗೆ ಅರವತ್ತೊಂದು ನಗುಮುಖ. ಇದು ನನ್ನ ಈವರೆಗಿನ ದಾಖಲೆ.

ನಿಂಗಯ್ಯನಿಗೂ ತೋರಿಸಿದೆ. ನಕ್ಕ. “ಏನಣ್ಣ, ಮಾಲೆ ಹಾಕಿ ಕುಡಿಯೋದು ಬಿಟ್ಟು ಹನ್ನೊಂದು ವರ್ಷ ಆಯ್ತು. ಒಂದೇ ನಿಮಿಷದಲ್ಲಿ ಮತ್ತೆ ಕುಡಿಸ್ಬಿಟ್ರಲ್ಲ!”

ಏಪ್ರಿಲ್ 19, ಬೆಳಗ್ಗೆ 8

ಇವತ್ತು ಅಡುಗೆಮನೆ ಕಡೆ. ನಿಂಗಯ್ಯ ಹಿತ್ತಿಲ ಕಟ್ಟೆಯ ಮೇಲೆ ಕೂತು ಕಾಫಿ ಕುಡಿದ. ಅವನ ಲೋಟ ಅಲ್ಲೇ ಇರುತ್ತದೆ. ತೊಳೆದು ಕವುಚಿಟ್ಟು ಕೇಳಿದ: “ಅಣ್ಣ, ಒಳಗಿಂದ ಒಂದ್ಸಲ ಮೇಲೆ ನೋಡ್ಬೇಕಿತ್ತು.”

“ಅಡುಗೆಮನೆ ಒಳಗಾ? ಅಮ್ಮನ ಪೂಜೆ ಆಗಿಲ್ಲ ಮಾರಾಯ. ಹೊರಗಿಂದ್ಲೇ ಆಗುತ್ತಲ್ಲ. ನಿಂಗೆ ಗೊತ್ತಿಲ್ಲದ ಸೂರು ಯಾವುದಿದೆ?”

“ಆಯ್ತು ಬಿಡಿ. ಮೊದ್ಲು ಟೈರು ಇಳಿಸ್ತೀನಿ.”

ಹೋದ. ಅಂಗಡಿಗೆ ಯಾರೋ ಬಂದಿದ್ದಾರೆ, ಉಳಿದದ್ದು ಆಮೇಲೆ—

ಏಪ್ರಿಲ್ 19

ನಿಂಗಯ್ಯ ಬಿದ್ದ.

ಏಪ್ರಿಲ್ 22

ಮೂರು ದಿನ ಪೆನ್ನು ಮುಟ್ಟಲಿಲ್ಲ.

ಟೈರು ತೆಗೆಯಲು ಟಾರ್ಪಾಲಿನ ಮೇಲೆ ಕಾಲಿಟ್ಟಿದ್ದಾನೆ. ಬೋಲ್ಟಿನ ಸಾಲು ಕಾಣುತ್ತಿರಲಿಲ್ಲ. ಹಸಿರು ಶೀಟು ಸೀಳಿ, ಟಾರ್ಪಾಲಿನ ಸಮೇತ ಅಡುಗೆಮನೆಯೊಳಗೆ, ಒಲೆಕಟ್ಟೆಯ ಅಂಚಿಗೆ ಬೆನ್ನು ಬಡಿದು... ಬಾಲರಾಜನ ಆಟೊದಲ್ಲಿ ಚಿಕ್ಕಮಗಳೂರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನ. ಸೊಂಟದ ಕೆಳಗೆ ಸ್ಪರ್ಶ ಇಲ್ಲವಂತೆ.

ಆಟೊ ಅತ್ತ ಹೋದದ್ದೇ ನಾನು ಮಾಡಿದ ಮೊದಲ ಕೆಲಸ — ಹಸಿರು ಚೂರುಗಳನ್ನೆಲ್ಲ ಗುಡಿಸಿ ಗೋಣಿಚೀಲಕ್ಕೆ ತುಂಬಿ ಬಚ್ಚಲಿನ ಹಿಂದೆ ಇಟ್ಟದ್ದು. ಇಪ್ಪತ್ತು ವರ್ಷದ ಸಂಸಾರದಲ್ಲಿ ಪೊರಕೆ ಹಿಡಿದವನಲ್ಲ. ನಾಗಶ್ರೀ ಬಾಗಿಲಲ್ಲಿ ನಿಂತು ನೋಡಿದಳು.

“ಟಾರ್ಪಾಲಿನ ಕೆಳಗೆ ಪ್ಲಾಸ್ಟಿಕ್ ಇದೆ ಅಂತ ಹೇಳಿದ್ರಾ ಅವನಿಗೆ?”

ಚೀಲದ ಬಾಯಿ ಕಟ್ಟಿದೆ.

ಒಳಗೆ ಬಂದು ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು, ಕಾಣುತ್ತಿತ್ತು. ಅದಕ್ಕೇ ಕೇಳಿದ್ದು ಅವನು. ಅಮ್ಮನ ಪೂಜೆ ಅವತ್ತು ಆರು ಗಂಟೆಗೇ ಮುಗಿದಿತ್ತು.

ಏಪ್ರಿಲ್ 24

ಗ್ರೂಪಿನಲ್ಲಿ ಯಾರೋ ನನ್ನ ಫೋಟೊವನ್ನು ಮತ್ತೆ ಮೇಲೆ ತಂದಿದ್ದಾರೆ. “ಹಗಲೇ ಹಾಕ್ಕೊಂಡು ಹತ್ತಿದ್ರೆ ಇನ್ನೇನಾಗುತ್ತೆ.” ಅದರ ಕೆಳಗೆ ಕೈಮುಗಿದ ಚಿತ್ರಗಳು.

ಬಾಲರಾಜ ಅಂಗಡಿಗೆ ಬಂದು ಅದನ್ನೇ ಅಂದ. “ಆಟೊದಲ್ಲಿ ವಾಸನೇನೇ ಬರ್ಲಿಲ್ಲಪ್ಪ. ಆದ್ರೂ ನೀವೇ ಫೋಟೊ ಹಾಕಿದೀರಲ್ಲ ಅಣ್ಣ, ಇನ್ನು ಸಾಕ್ಷಿ ಬೇಕಾ?”

“ಹೂಂ” ಎಂದೆ. ಅಷ್ಟೇ ಅಂದದ್ದು. ಪೂರ್ತಿ ಸುಳ್ಳು ಹೇಳುವಷ್ಟು ಧೈರ್ಯವೂ ಇಲ್ಲದವನು ನಾನು.

ಫೋಟೊ ಅಳಿಸಿದೆ. ಅಷ್ಟರಲ್ಲಿ ಅದು ಬಣಕಲ್‌ವರೆಗೂ ಹೋಗಿ ಬಂದಿತ್ತು.

ಮೇ 9

ಭಾಗಮ್ಮ ಬಂದಿದ್ದಳು. ನಿಂಗಯ್ಯನ ಹೆಂಡತಿ. ಎಸ್ಟೇಟಿನಲ್ಲಿ ಕಾಫಿ, ಮೆಣಸು ಕೊಯ್ಲಿನ ಕೆಲಸ. ಆಸ್ಪತ್ರೆಯ ಕಾಗದಗಳ ಜೆರಾಕ್ಸ್ ಬೇಕಿತ್ತು. ಹನ್ನೆರಡು ಹಾಳೆ. ಮೊನ್ನೆ ಮನೆಗೆ ಕರೆತಂದಿದ್ದಾರೆ. ಕಾಲು ಹಾಗೇ ಇವೆ.

“ಅವ್ರು ಗೋಡೆ ಕಡೆ ತಿರುಗಿ ಮಲಗ್ತಾರೆ ಅಣ್ಣ. ನೋಡೋಕೆ ಬಂದೋರು ಮೊದ್ಲು ಮೂಗು ಹತ್ರ ತರ್ತಾರೆ. ಕಾಲು ಹೋಗಿದ್ದಕ್ಕೆ ಅತ್ತಿಲ್ಲ, ಅದಕ್ಕೆ ಅತ್ರು.”

ಮೆಷಿನ್ನು ಬಿಸಿಯಾಗಿತ್ತು. ಅದನ್ನೇ ನೋಡುತ್ತಿದ್ದೆ.

“ಬಾಟ್ಲಿಲಿ ಡೀಸೆಲ್ ಇತ್ತು ಅಂತ ನಿಮಗೆ ಗೊತ್ತಲ್ಲ. ನಗ್ಸೋಕೆ ಬರ್ದಿರಿ, ಅವ್ರೂ ನಕ್ರು, ಇರ್ಲಿ. ಈಗ ಇದೊಂದು ಬರೀರಿ. ಬೇರೆ ಏನೂ ಬೇಡ.”

“ಬರೀತೀನಿ ಭಾಗಮ್ಮ.”

ಮೇ 10

ಬರೆಯಲಿಲ್ಲ. ನೆಟ್‌ವರ್ಕ್ ಇರಲಿಲ್ಲ.

(ಇತ್ತು.)

ಮೇ 17

ಬರೆದು ಅಳಿಸಿದೆ. ಕುಡಿದಿರಲಿಲ್ಲ ಎಂದರೆ ಗ್ರೂಪಿನ ಇನ್ನೂರ ಹದಿನಾಲ್ಕು ಜನರೂ ಕೇಳುವುದು ಒಂದೇ ಪ್ರಶ್ನೆ — ಮತ್ತೆ ಯಾಕೆ ಬಿದ್ದ? ಮೂವತ್ತು ವರ್ಷ ಬೀಳದವನು ನಿಮ್ಮ ಮನೆಯಲ್ಲೇ ಯಾಕೆ ಬಿದ್ದ?

ನಾಗಶ್ರೀ ನನ್ನ ಜೋಕಿಗೆ ನಕ್ಕು ತಿಂಗಳಾಯಿತು. ಜೋಕು ಮಾಡಿ ಎಷ್ಟು ದಿನವಾಯಿತೋ, ಅದೂ ನೆನಪಿಲ್ಲ.

ಜೂನ್ 2

ಮಳೆ ಹಿಡಿಯಿತು. ಟಾರ್ಪಾಲನ್ನು ಮತ್ತೆ ಎಳೆದು ಕಟ್ಟಿದ್ದೆ. ಗಾಳಿ ಒಂದು ಮೂಲೆ ಕಿತ್ತಿದೆ. ಅಡುಗೆಮನೆಯಲ್ಲಿ ಎರಡು ಬಕೆಟ್, ಒಂದು ಕೊಳದಪ್ಪಲೆ. ಹೊಸ ಶೀಟು ತಂದಿಟ್ಟು ತಿಂಗಳಾಯಿತು. ಹತ್ತಿ ಕೂರಿಸುವವರಿಲ್ಲ. ಮೂವರನ್ನು ಕೇಳಿದೆ. “ಆ ಮನೆ ಮೇಲಾ? ಬೇಡ ಅಣ್ಣ.”

ಜೂನ್ 4, ಬೆಳಗ್ಗೆ 9

ಮಳೆ ಬಿಟ್ಟಿದೆ. ಎಂಟೂವರೆಗೆ ಹಿತ್ತಿಲಲ್ಲಿ ಏಣಿ ಸದ್ದು. ಭಾಗಮ್ಮ. ಸೊಂಟಕ್ಕೆ ಹಗ್ಗ, ಕೈಯಲ್ಲಿ ಸ್ಪ್ಯಾನರು ಮತ್ತು ಅದೇ ಕ್ವಾರ್ಟರ್ ಬಾಟಲಿ.

“ಹಿಡಿದ ಕೆಲ್ಸ ಅರ್ಧಕ್ಕೆ ಬಿಡ್ಬಾರ್ದಂತೆ. ಕಳ್ಸಿದಾರೆ. ಮಲಗಿದಲ್ಲೇ ಎರಡು ದಿನ ಹೇಳ್ಕೊಟ್ಟಿದಾರೆ — ಯಾವ ಬೋಲ್ಟು, ಎಲ್ಲಿ ಕಾಲು.”

“ಬೇಡ ಭಾಗಮ್ಮ, ನೀನು ಹತ್ತೋದು ಬೇಡ.”

“ಮರ ಹತ್ತಿ ಮೆಣಸು ಕೊಯ್ಯೋಳಿಗೆ ಏಣಿ ಹೊಸದಾ ಅಣ್ಣ? ಆದ್ರೆ ಒಳಗಿಂದ ನೋಡ್ದೆ ಹತ್ಬೇಡ ಅಂದಿದಾರೆ.”

ಕೇಳಿದ್ದಲ್ಲ, ಹೇಳಿದ್ದು. ಚಪ್ಪಲಿ ಬಿಟ್ಟು ನೇರ ಅಡುಗೆಮನೆಯೊಳಗೆ ನಡೆದಳು. ತರಕಾರಿ ಹೆಚ್ಚುತ್ತಿದ್ದ ಅಮ್ಮ ಈಳಿಗೆಮಣೆ ಪಕ್ಕಕ್ಕೆ ಸರಿಸಿದರು. ಅಷ್ಟು ಸುಲಭವಿತ್ತು.

ಭಾಗಮ್ಮ ತಲೆ ಎತ್ತಿದಳು. ತೂತಿನ ಅಂಚಿನಲ್ಲಿ, ಬೋಲ್ಟಿಗೆ ಸಿಕ್ಕಿಕೊಂಡು, ಅಂಗೈಯಗಲ ಹಸಿರು ಚೂರು. ನೆಲ ಗುಡಿಸಿದವನು ಮೇಲೆ ನೋಡಿರಲಿಲ್ಲ.

“ಇದು ಪ್ಲಾಸ್ಟಿಕ್ ಅಲ್ವಾ ಅಣ್ಣ?”

“ಹೌದು.”

“ಅವ್ರಿಗೆ ಗೊತ್ತಿತ್ತಾ?”

ಬಕೆಟ್ಟಿಗೆ ಹನಿ ಬಿತ್ತು. ಇನ್ನೊಂದು. “ಹತ್ತು, ಏಣಿ ನಾನು ಹಿಡೀತೀನಿ” ಎಂದೆ.

ಸೊಂಟದ ಹಗ್ಗ ಬಿಗಿದುಕೊಂಡಳು. “ಏಣಿ ನಾಗಶ್ರೀ ಅಕ್ಕ ಹಿಡೀತಾರೆ. ನೀವು ಬರೀರಿ.”

ಈಗ ನೆತ್ತಿಯ ಮೇಲೆ ಅವಳ ಹೆಜ್ಜೆ. ಒಂದು. ನಿಂತಳು. ಇನ್ನೊಂದು. ಬೋಲ್ಟಿನ ಸಾಲಿನ ಮೇಲೇ ಹೋಗುತ್ತಿದ್ದಾಳೆ. ಕೆಳಗಿನಿಂದ ನಾಗಶ್ರೀ ಕೂಗಿ ಹೇಳುತ್ತಿದ್ದಾಳೆ — ಎಡಗಡೆ ಬೇಡ, ಅಲ್ಲಿ ಏನೂ ಇಲ್ಲ.

ಫೋನು ಪಕ್ಕದಲ್ಲಿದೆ, ಗ್ರೂಪು ತೆರೆದಿದೆ. ಅಲ್ಲಿ ಅಳಿಸಬಹುದು. ಅದಕ್ಕೆ ಮೊದಲು ಇಲ್ಲಿ, ಪೆನ್ನಿನಲ್ಲಿ:

ಆ ಬಾಟಲಿಯಲ್ಲಿದ್ದದ್ದು ಡೀಸೆಲ್. ನಿಂಗಯ್ಯ ಕುಡಿದಿರಲಿಲ್ಲ. ಒಳಗೆ ಬಂದು ನೋಡುತ್ತೇನೆ ಎಂದ, ನಾನು ಬಿಡಲಿಲ್ಲ. ಟಾರ್ಪಾಲಿನ ಕೆಳಗೆ ಫೈಬರ್ ಶೀಟ್ ಇದೆ ಎಂದು ಅವನಿಗೆ ನಾನು ಹೇಳಿರಲಿಲ್ಲ.