ನಾಲಿಗೆ ಇದ್ದ ಹುಲ್ಲು

ಕಂಪ್ಲಿ
೨ ಫೆಬ್ರವರಿ ೨೦೨೫, ಭಾನುವಾರ

ರೀ,

ನಿಮ್ಮ ಹೇಮಾವತಿಯ ನಮಸ್ಕಾರ. ಯಶವಂತನಗರದ ಕ್ವಾರ್ಟರ್ಸಿಗೆ ಪತ್ರ ಬಂತಲ್ಲ ಎಂದು ಗಾಬರಿಯಾಗಬೇಡಿ. ಮೂರು ಸಲ ಫೋನ್ ಹಚ್ಚಿದೆ. ಮೂರು ಸಲವೂ ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ.

ಅತ್ತೆಯವರು ಹೋಗಿ ಎರಡು ತಿಂಗಳಾಯಿತು. ನೀವು ಕಂಪನಿ ಬಸ್ಸು ಓಡಿಸುತ್ತಾ ಅಲ್ಲೇ ಉಳಿದಿದ್ದೀರಿ. "ನಮ್ಮವ್ವನ್ನ ನನ್ನ ಬಾಯೇ ತಿಂತು" ಎಂದು ಅವರ ಜೊತೆ ಕಳೆ ತೆಗೆಯುತ್ತಿದ್ದ ಬಸಕ್ಕನ ಮುಂದೆ ಅತ್ತಿರಂತೆ. ಆ ಮಾತು ಕೇಳಿದ ಮೇಲೆಯೇ ಇದನ್ನು ಬರೆಯಲು ಕೂತೆ. ಇದನ್ನು ಓದಿದ ಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ, ನನ್ನ ತಪ್ಪಿನ ಭಾರ ನೀವು ಹೊರಬೇಡಿ.

ಹೋದ ಜುಲೈ ನೆನಪಿದೆಯಲ್ಲ, ಸುವರ್ಣಮ್ಮನವರ ಸಸಿಮಡಿ? ಅಂದು ಅತ್ತೆಯವರು ಅಲ್ಲಿ ಕಳೆ ತೆಗೆಸಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ನಾನು ಪಾಠ ಹೇಳುವ ಹೊಸಪೇಟೆ ಕಾಲೇಜಿನ ಹುಡುಗರಿಗೆ ಹುಲ್ಲಿನ ಜಾತಿಯ ಪಾಠ ಇತ್ತು, ನಾಲ್ಕು ಸಸಿ ತರೋಣ ಅಂತ. ಹುಲ್ಲಿನ ಎಲೆ ಕಾಂಡದಿಂದ ಬಾಗುವ ಜಾಗದಲ್ಲಿ, ಒಳಮಗ್ಗುಲಿಗೆ, ಉಗುರಿನಷ್ಟು ತೆಳ್ಳನೆಯ ಬಿಳಿ ಪೊರೆ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಲಿಗ್ಯೂಲ್ ಅನ್ನುತ್ತಾರೆ. ಪುಟ್ಟ ನಾಲಿಗೆ ಎಂದು ಅರ್ಥ. ಭತ್ತವೂ ಅದರ ನಡುವೆ ಬೆಳೆಯುವ ಕಳೆಯೂ ಎಳೆಯದರಲ್ಲಿ ಒಂದೇ ತರ ಕಾಣುತ್ತವೆ, ಈ ನಾಲಿಗೆ ಒಂದಕ್ಕೆ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಯಾವುದಕ್ಕೆ ಇದೆ ಎಂಬುದು ನನ್ನ ನೋಟ್ಸಿನಲ್ಲಿ ಅದಲುಬದಲಾಗಿತ್ತು. ಡಿಗ್ರಿಯಲ್ಲಿ ಅವಸರದಲ್ಲಿ ಬರೆದುಕೊಂಡಿದ್ದನ್ನೇ ಆರು ವರ್ಷ ಪಾಠ ಮಾಡಿದ್ದೆ, ಎಂಥ ಮೇಡಮ್ಮು ನೋಡಿ.

ಅತ್ತೆಯವರು ಮೂಲೆಯ ಮಡಿ ತೋರಿಸಿ, "ಸುಮ್ನ ನಿಂತು ಏನ್ ಮಾಡ್ತಿ, ಇದೊಂದು ಕಳೆ ತಗಿ" ಎಂದು ನಗಾಡಿ ಮುಂದೆ ಹೋದರು. ನನಗೋ ಭಾರೀ ಧಿಮಾಕು. ಒಂದೊಂದೇ ಎಲೆ ಬಾಗಿಸಿ, ನಾಲಿಗೆ ಇದ್ದದ್ದನ್ನೆಲ್ಲ ಕಿತ್ತು ಬದುವಿಗೆ ಒಗೆದೆ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮಡಿಯ ಭತ್ತವೆಲ್ಲ ಬದುವಿನ ಮೇಲೆ ಒಣಗುತ್ತಿತ್ತು, ಕಳೆ ಮಾತ್ರ ಹಸಿರಾಗಿ ನಿಂತಿತ್ತು.

ಸುವರ್ಣಮ್ಮ ಬಂದು, "ಏನಿದು ಯಲ್ಲಕ್ಕಾ!" ಎಂದು ಅತ್ತೆಯವರ ಮೇಲೆ ಕೂಗಾಡಿದರು. ಅತ್ತೆಯವರು ಆ ಗುಡ್ಡೆ ನೋಡಿದರು, ನನ್ನ ಕೆಸರುಗೈ ನೋಡಿದರು. "ಅಮ್ಮಾರ, ತಪ್ಪು ನಂದ್ರಿ. ಕಣ್ಣು ಮಂಜಾಗ್ಯಾವು" ಅಂದುಬಿಟ್ಟರು. ಮೂವತ್ತು ವರ್ಷ ಕಳೆ ತೆಗೆಯುವ ಹೆಂಗಸರನ್ನು ಮುಂದೆ ನಿಂತು ನಡೆಸಿದವರು ರೀ ಅವರು! ನಾನು ಬಾಯಿ ಬಿಡಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಭತ್ತದ್ದೊಂದು, ಕಳೆಯದ್ದೊಂದು ಸಸಿ ಹಿಡಿದು ತೋರಿಸಿದರು. "ನೆಲ್ಲಿಗೆ ನಾಲಿಗಿ ಐತಿ ನೋಡವ್ವಾ. ಕಳ್ಳ ಹುಲ್ಲಿಗೆ ಇಲ್ಲ. ಕಳ್ಳ ಯಾಕ ಮಾತಾಡ್ತಾನ?" ಎಂದರು. ಆಮೇಲೆ, "ಯಾರ ಮುಂದೂ ಹೇಳಬ್ಯಾಡ. ಕಾಲೇಜಿನ ಹುಡುಗ್ರು ನಗ್ತಾವ" ಎಂದರು. ಅವರು ಹೇಳಿದ್ದಕ್ಕೇ ಸುಮ್ಮನಿದ್ದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಮಾನಕ್ಕೆ ಅಂಜಿ ಸುಮ್ಮನಿದ್ದೆ.

ಮರುದಿನ ಅಕ್ಕಿ ಮಿಲ್ಲಿನಲ್ಲಿ ನಾಲ್ಕು ಜನರ ಮುಂದೆ ಸುವರ್ಣಮ್ಮ, ರಜೆಗೆ ಬಂದಿದ್ದ ನಿಮಗೆ, ನಿಮ್ಮವ್ವ ಮಡಿ ಹಾಳು ಮಾಡಿದಳು ಎಂದು ಅಂದರು. ನೀವು ಬಂದು, "ಕಣ್ಣು ಕಾಣದಾಕಿ ಗದ್ದಿಗೆ ಯಾಕ ಹೋಗ್ತಿ? ಕುಂದ್ರು ಮನ್ಯಾಗ" ಎಂದು ರೇಗಿದಿರಿ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಎರಡು ಹೆಜ್ಜೆ ಹೊರಗೆ ಬಂದಿದ್ದರೆ ಮುಗಿಯುತ್ತಿತ್ತು. ಬರಲಿಲ್ಲ, ಇನ್ನೂ ಜೋರಾಗಿ ರೊಟ್ಟಿ ಬಡಿದೆ.

ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಬಸಕ್ಕ ಮುಂದಾಳಾದಳು. ದಿನಾ ಮುಂಜಾನೆ ಹೆಂಗಸರು ಬುತ್ತಿ ಹಿಡಿದು ಹೋಗುವುದನ್ನು ಅತ್ತೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ದೀಪಾವಳಿ ಹೊತ್ತಿಗೆ ಊಟ ಕಡಿಮೆಯಾಯಿತು, ಡಿಸೆಂಬರಿನಲ್ಲಿ ಹೋದರು. ಅವರ ಕಣ್ಣು ಕೊನೆತನಕ ಚೆನ್ನಾಗಿತ್ತು. ಸೂಜಿಗೆ ದಾರ ಅವರೇ ಪೋಣಿಸಿಕೊಳ್ಳುತ್ತಿದ್ದರು, ನೀವೇ ಎಷ್ಟು ಸಲ ನೋಡಿದ್ದೀರಿ.

ಇವತ್ತು ಮುಂಜಾನೆ ಸುವರ್ಣಮ್ಮನವರಿಗೂ ಬಸಕ್ಕನಿಗೂ ಎಲ್ಲ ಹೇಳಿ ಬಂದೆ. ಸುವರ್ಣಮ್ಮ, "ಈಗ ಹೇಳಿದ್ರ ಏನ್ ಬಂತವ್ವಾ" ಎಂದರು. ಬಸಕ್ಕ ಎದ್ದು ಒಳಗೆ ಹೋದಳು.

ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ನನ್ನನ್ನು ಕ್ಷಮಿಸದಿದ್ದರೂ ಮನೆಗೆ ಬನ್ನಿ, ಇದು ನಿಮ್ಮವ್ವನ ಮನೆ. ಹೋಗು ಎಂದರೆ ನಾನು ಹೋಗುತ್ತೇನೆ.

ಇಂತಿ,
ಹೇಮಾವತಿ

ತಾ.ಕ.: ಜೊತೆಗೆ ಕಾಲೇಜಿನ ಹಾಳೆಯೊಂದನ್ನು ಇಟ್ಟಿದ್ದೇನೆ. ಅಂದು ಕಿತ್ತ ಒಂದು ಸಸಿಯನ್ನು ಒಣಗಿಸಿ ಅಂಟಿಸಿದ್ದು. ಎಲೆ ಬಾಗಿದ ಕಡೆ ಮೆಲ್ಲಗೆ ಬಿಡಿಸಿ ನೋಡಿ, ನಾಲಿಗೆ ಇನ್ನೂ ಹಾಗೇ ಇದೆ. ಕೆಳಗಿನ ಚೀಟಿಯಲ್ಲಿ 'ಕಳೆ' ಎಂದು ಬರೆದಿದ್ದೆ, ಹೊಡೆದುಹಾಕಿ 'ನೆಲ್ಲು' ಎಂದು ತಿದ್ದಿದ್ದೇನೆ. ಕಿತ್ತವರು: ಹೇಮಾವತಿ. ಗುರುತಿಸಿದವರು: ಯಲ್ಲಕ್ಕ.