ಮೊದಲೇ ಹಂಚಿದ ಮಲೀದಾ

ಬಾಂಗ್ಸಾರ್, ಕೌಲಾಲಂಪುರ
ಶುಕ್ರವಾರ

ಅಶ್ದೋದಿನ ನನ್ನ ಅಜ್ಜಿಗೆ,

ಸೈರನ್ ಕೂಗಿದಾಗ ಚಪ್ಪಲಿ ಹುಡುಕುತ್ತ ನಿಲ್ಲಬೇಡ, ಬರಿಗಾಲಲ್ಲೇ ಬಂಕರಿಗೆ ಇಳಿ.

ಇಂದು ಅವಲಕ್ಕಿ, ಬೆಲ್ಲ, ಕಾಯಿತುರಿ ಕಲಸಿ, ನಮ್ಮ ಯೆಹೂದಿಗಳ ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲೀದಾ ಮಾಡಿದೆ. ರೂಮ್‌ಮೇಟ್ ಅಮೂಲ್ಯಾ ಎರಡು ಸಲ ಹಾಕಿಸಿಕೊಂಡು, "ಯಾವೂರ ಪ್ರಸಾದ ಕಣೇ ಇದು?" ಎಂದಳು. ಹುಬ್ಬಳ್ಳಿ ಎಂದೆ. ನೀನು ಹುಟ್ಟಿದ ಊರು, ಸುಳ್ಳೇನಲ್ಲ. ಆದರೆ ನಾನು ಬೆಳೆದದ್ದು ಇಸ್ರೇಲಿನ ಅಶ್ದೋದಿನಲ್ಲಿ, ನನ್ನ ಊರು ಅದೇ ಎನ್ನಲು ಈ ಯುದ್ಧದ ದಿನಗಳಲ್ಲಿ, ಇಸ್ರೇಲ್ ಎಂದರೆ ಸಿಡಿಮಿಡಿಗೊಳ್ಳುವ ಈ ದೇಶದಲ್ಲಿ, ಬಾಯಿ ಬರಲಿಲ್ಲ.

ಯುದ್ಧ ಮುಗಿದು, ಊರಿಗೆ ಬಂದು, ನಿನ್ನನ್ನು ಕಣ್ತುಂಬ ನೋಡಿದ ಮೇಲೆ ತೀರಿಸಬೇಕಾದ ಹರಕೆ ಇದು. ಅವಸರದವಳೇ ಎಂದು ಬೈಯುತ್ತೀಯ, ಗೊತ್ತು. ಮಲೀದಾ ಹಂಚಿ ಆಯಿತು ಅಜ್ಜಿ. ಇನ್ನು ಎಲಿಯಾಹುವಿನ ಮುಂದೆ ನನ್ನನ್ನು ಸುಳ್ಳುಗಾರ್ತಿ ಮಾಡಬೇಡ.

ನಿನ್ನ ಮೊಮ್ಮಗಳು,
ಸಿಪೋರಾ